ಪೀಠಿಕಿ ಬ್ಯಾಡ, ಪಾಟ್ಲಿ ತೋರಸ್ರಿ

ಕಟ್ಟಿ ಮ್ಯಾಲೆ ಕೂತು ಸುದ್ದಿ ಹೇಳೋವಾಗ ಯಾರರ "ಮಾನವನು ಸಮಾಜಜೀವಿ" ಅಂತ ಶುರು ಮಾಡಿದ್ದನ್ನ ಕೇಳೀರೇನು? "ಏ ವೈನಿ, ನಿನ್ನೆ ರಾತ್ರಿ ಹನ್ನೊಂದಕ್ಕ ಮೂಲಿಮನಿ ಮುಂದ ಆಟೋ ನಿಂತಿತ್ತು ನೋಡ್ರಿ" ಅಂತಾರ. ಮುಗೀತು. ಮೆಂತ್ಯಾ ಪಲ್ಲೆ ಕೈಯಾಗ, ಕಿವಿ ಆ ಆಟೋದ ಹಿಂದ.

ಅದ ಬಾಯಿ, ಪೆನ್ನು ಹಿಡದ ಕೂಡಲೆ ಬಿಗೀತದ. ಯಾಕಂದ್ರ ಸಾಲ್ಯಾಗ ಪ್ರಬಂಧ ಅಂದ್ರ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಕಲಿಸಿದ್ರು. ಪೀಠಿಕೆ ಅಂದ್ರ ಎಲ್ಲಾರಿಗೂ ಗೊತ್ತಿದ್ದದ್ದನ್ನ ದೊಡ್ಡ ಮಾತಿನಾಗ ಹೇಳೋದು! ಮಾಸ್ತರು ಕಡೀತನಕ ಓದೇ ಓದ್ತಾರ, ಅದು ಅವರ ನೌಕರಿ. ನಮ್ಮನ್ನ ಓದೋಕಿ ಒಂದು ಕಣ್ಣು ಹಾಲಿನ ಮ್ಯಾಲೆ ಇಟ್ಟು ಓದ್ತಾಳ. ಹಾಲು ಉಕ್ಕೋದ್ರೊಳಗ ಆಕೀನ ಹಿಡೀಬೇಕು.

ನಮ್ಮ ಮೌಶಿ ಎಪ್ಪತ್ತೊಂದನೇ ವಯಸ್ಸಿನಾಗ ತಮ್ಮ ಅವ್ವನ ಬಗ್ಗೆ, ಅಂದ್ರ ನಮ್ಮ ಅಜ್ಜಿ ಬಗ್ಗೆ, ನಾಕು ಹಾಳಿ ಬರದ್ರು. ಮೊದಲ್ನೇ ಪ್ಯಾರಾ ತುಂಬ ತಾಯಿ ದೇವರ ಸಮಾನ, ತಾಯಿ ತ್ಯಾಗಮಯಿ. ಮನಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ರು. ಎಲ್ಲಾರೂ ಕೈ ಮುಗಿದ್ರು, ಹೂವು ಕಳಿಸಿದ್ರು. ಆದ್ರ ಮೂರನೇ ಹಾಳ್ಯಾಗ ಇದ್ದದ್ದನ್ನ ಒಬ್ಬರೂ ಕೇಳಲಿಲ್ಲ. ಮೌಶಿಗೆ ಟಿ.ಸಿ.ಎಚ್. ಓದಸ್ಲಿಕ್ಕೆ ಅಜ್ಜಿ ತನ್ನ ಪಾಟ್ಲಿ ಒತ್ತಿ ಇಟ್ಟಿದ್ಲು, ಬರೀ ಕೈ ಅಜ್ಜನ ಕಣ್ಣಿಗೆ ಬೀಳಬಾರದು ಅಂತ ತಿಂಗಳಾನಗಟ್ಟಲೆ ಸೆರಗು ಹೊದ್ದು ಓಡ್ಯಾಡಿದ್ಲು.

"ಯಾರೂ ಓದಲೇ ಇಲ್ಲಲ್ಲ" ಅಂದಾಗ ಮೌಶಿ ಧ್ವನಿ ಸಣ್ಣಾಗಿತ್ತು. ಇಬ್ಬರೂ ಕೂತು ಆ ಸೆರಗನ್ನ ಮ್ಯಾಲೆ ತಂದ್ವಿ: "ಆ ವರ್ಷ ಬ್ಯಾಸಗ್ಯಾಗೂ ಅವ್ವ ಮುಂಗೈ ತನಕ ಸೆರಗು ಹೊದ್ದಿರ್ತಿದ್ಲು." ದೇವರು, ತ್ಯಾಗ ಎಲ್ಲಾ ತಗದ್ವಿ. ಮತ್ತ ಕಳಿಸಿದ ದಿನಾನ ಮೌಶಿ ಮೊಮ್ಮಗಳು ಬೆಂಗಳೂರಿಂದ ಫೋನ್ ಮಾಡಿದ್ಲು: "ಅಜ್ಜಿ, ಆ ಪಾಟ್ಲಿ ತಿರುಗಿ ಬಂದ್ವೇನು?" ಬರಲಿಲ್ಲ. ಅದನ್ನ ಹೇಳ್ಕೋತ ಮೌಶಿ ಅರ್ಧಾ ತಾಸು ಮಾತಾಡಿದ್ರು.

ನನಗ ತಿಳದದ್ದು ಇಷ್ಟ. ಮೊದಲ್ನೇ ಪ್ಯಾರಾದಾಗ ಕಣ್ಣಿಗೆ ಕಾಣೋ ಒಂದು ವಸ್ತು ಇರಬೇಕು, ತೀರ್ಪಲ್ಲ. "ಯಾಕ?" ಅನ್ನೋ ಪ್ರಶ್ನಿ ಏಳಬೇಕು. ಎದ್ದ ಪ್ರಶ್ನಿಗೆ ಮುಂದ ಉತ್ತರಾನೂ ಸಿಗಬೇಕು. ಬರೇ ಕುತೂಹಲ ಹುಟ್ಟಿಸಿ ಕೈ ಬಿಟ್ರ ಮುಂದಿನ ಸಲ ಯಾರೂ ಓದೂದಿಲ್ಲ.

"ಮನಿ ಮಾತು, ಇದೇನು ಬರಿಯೋದು" ಅಂತ ಹಿಂಜರೀಬ್ಯಾಡ್ರಿ. ಪ್ರಬಂಧಕ್ಕ 'ಎಸ್ಸೆ' ಅನ್ನೋ ಹೆಸರು ಕೊಟ್ಟ ಫ್ರಾನ್ಸಿನ ಮಾಂಟೇನ್, 1580ರಾಗ ಬಂದ ತನ್ನ ಪುಸ್ತಕದ ಮೊದಲಿಗೇ ಇದು ನೆಂಟರು ಗೆಳ್ಯಾರ ಸಲುವಾಗಿ ಬರದ ಮನಿ ಮಟ್ಟಿನ ಪುಸ್ತಕ ಅಂತ ಓದುವವರಿಗೆ ಹೇಳಿಬಿಟ್ಟಾನ. ನಮ್ಮ ಟಿ. ಸುನಂದಮ್ಮನವರೂ 1942ರಾಗ ಶುರುವಾದ 'ಕೊರವಂಜಿ'ಯೊಳಗ ಮನಿ ಮಾತು ಬರದ ಮಂದೀನ ನಗಿಸಿದ್ರು.

ಬರದು ಮುಗಿಸಿದ ಮ್ಯಾಲೆ ನಿಮ್ಮ ಪಾಟ್ಲಿ ಎಲ್ಲಿ ಅದ ಹುಡಕ್ರಿ. ಭಾಳ ಸಲ ಮೂರನೇ ಹಾಳ್ಯಾಗ ಇರ್ತದ.