ಒಂದೇ ಸೀಮೆ, ಎರಡು ಜಮಾಖರ್ಚು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ಸೀಮೆಗೆ ಗಡಿಯೆಂಬುದು ಹೊಸದಲ್ಲ. 1949ರ ಮಾರ್ಚಿನ ವರೆಗೆ ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೂ, ನೆರೆಯ ಅಥಣಿಯು ಮುಂಬಯಿ ಇಲಾಖೆಗೂ ಸೇರಿದ್ದವು. 1956ರಲ್ಲಿ ಎರಡೂ ಮೈಸೂರು ರಾಜ್ಯಕ್ಕೆ ಬಂದವು. ರಾಜ್ಯದ ಗಡಿಯು ನಿಪ್ಪಾಣಿ, ಕಾಗವಾಡಗಳ ಆಚೆಗೆ ನಿಂತಿತು.

ಈಗ ಕಾಗವಾಡದಲ್ಲೊಂದು, ಮಿರಜದಲ್ಲೊಂದು ಬಡ ಸಂಸಾರವನ್ನು ಭಾವಿಸಿರಿ. ಗೃಹಿಣಿಯರು ಅಕ್ಕತಂಗಿಯರೇ ಆಗಿರಲಿ. ಕಾಗವಾಡದ ಅಕ್ಕನಿಗೆ 2023ರಿಂದ ಗೃಹಲಕ್ಷ್ಮಿಯ ಸಹಾಯಧನವು ತಿಂಗಳಿಗೆ 2,000 ರೂಪಾಯಿ. ರಾಜ್ಯದೊಳಗೆ ಸರಕಾರಿ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತ. ಮಿತವಾಗಿ ಬಳಸಿದ ವಿದ್ಯುತ್ತಿಗೂ ಹಣವಿಲ್ಲ. ಮಿರಜದ ತಂಗಿಗೆ 2024ರಿಂದ ‘ಲಾಡಕಿ ಬಹೀಣ’ ಯೋಜನೆಯ 1,500 ರೂಪಾಯಿ. ಬಸ್ಸಿಗೆ ಅರ್ಧ ದರ. ನಗದಿನಲ್ಲಿಯೇ ವರ್ಷಕ್ಕೆ 6,000 ರೂಪಾಯಿಗಳ ಅಂತರ! ಪೆಟ್ರೋಲಿನ ಮೇಲಿನ ತೆರಿಗೆಯೂ ರಾಜ್ಯಕ್ಕೊಂದು ಬಗೆ. ಆದುದರಿಂದ ಇತ್ತ ಅಗ್ಗವಿದ್ದಾಗ ಕೊಲ್ಲಾಪುರದ ಕಡೆಯ ವಾಹನಗಳು ನಿಪ್ಪಾಣಿಯಲ್ಲಿ ನಿಲ್ಲುವದುಂಟು.

ಅಕ್ಕನೇ ಸುಖಿಯೆನ್ನೋಣವೇ? ಜಮೆಯ ಪುಟವನ್ನಷ್ಟೇ ಓದಿದವನು ಸಂಸಾರವನ್ನರಿಯನು. ಮನೆಯಲ್ಲಿ ಕಠಿಣ ರೋಗ ತಲೆದೋರಿದರೆ ದೂರದ ಬೆಳಗಾವಿಯನ್ನು ಬಿಟ್ಟು ಸಮೀಪದ ಮಿರಜಕ್ಕೇ ಅವಳು ಧಾವಿಸುವಳು. ತನ್ನ ರಾಜ್ಯದ ಚಿಕಿತ್ಸಾ ಕಾರ್ಡು ಅಲ್ಲಿ ನಡೆಯುವದೋ ಇಲ್ಲವೋ ಎಂದು ಬಾಗಿಲಲ್ಲಿಯೇ ವಿಚಾರಿಸಬೇಕು. ನಡೆಯದಿದ್ದರೆ ವರ್ಷದ ಉಳಿತಾಯವು ವಾರದಲ್ಲಿ ಕರಗುವದು. ಆಗ ಇಳಿದುಕೊಳ್ಳಲು, ಉಣ್ಣಲು ತಂಗಿಯ ಮನೆಯೇ ಗತಿ. ಆ ಅನ್ನದ ಬೆಲೆಯನ್ನು ಯಾವ ಸರಕಾರದ ಯಾದಿಯೂ ತೋರಿಸದು.

ಆದಕಾರಣ ಗಡಿಸೀಮೆಯ ಗೃಹಿಣಿಯರಲ್ಲಿ ನಮ್ಮ ಬಿನ್ನಹವಿಷ್ಟೆ: ಬಂದ ಹಣದಲ್ಲಿ ಒಂದು ಪಾಲನ್ನು ರೋಗರುಜಿನಕ್ಕೆಂದು ತೆಗೆದಿಡಿರಿ, ಗಡಿಯಾಚೆಯ ನಂಟನ್ನು ಮಾತ್ರ ಸವೆಯಗೊಡದಿರಿ.