ಪತಂಗದ ಮೀಸೆ, ಮುತ್ಯಾನ ಬಡಿಗೆ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ನೊಣ, ಪತಂಗಗಳ ವಿಷಯ ಬರೆಯಹೊರಟರೆ ವಾಚಕರು ನಗಬಹುದು. ನಗಲಿ. ಒಂದು ಪತಂಗವು ನನ್ನ ಕಿವಿ ಹಿಂಡಿದ ಸಂಗತಿಯನ್ನು ಮಾತ್ರ ಹೇಳದೆ ಇರಲಾರೆ.

ನಮ್ಮೂರು ಅಥಣಿ ತಾಲೂಕಿನ ಐಗಳಿ. ಮನೆಯಲ್ಲಿ ಮುತ್ಯಾ ಇದ್ದಾನೆ. ಅವನ ಕಣ್ಣಿನ ಬೆಳಕು ಬಹುಮಟ್ಟಿಗೆ ಆರಿದೆ. ಆದರೂ ದಿನಾಲು ಸಂಜೆ ಬಡಿಗೆ ಊರಿಕೊಂಡು ಗುಡಿಯ ಕಟ್ಟೆಗೆ ಹೋಗುವುದನ್ನು ಬಿಟ್ಟವನಲ್ಲ. ಹಾದಿಯಲ್ಲೋ ಮೋಟಾರು ಸೈಕಲ್ಲು, ಟ್ರ್ಯಾಕ್ಟರುಗಳ ಕಾಟ. ಹೋದ ಬೇಸಿಗೆಯ ರಜೆಯಲ್ಲಿ, ಅವನು ಹೊರಗೆ ಹೋಗದಿರಲೆಂದು ನಾನು ಬಡಿಗೆಯನ್ನು ಜೋಳದ ಚೀಲಗಳ ಹಿಂದೆ ಮುಚ್ಚಿಟ್ಟೆ.

"ತಮ್ಮಾ, ನನ್ನ ಬಡಿಗಿ ನೋಡೀಯೇನೋ?"

"ಇಲ್ಲ ಮುತ್ಯಾ" ಎಂದೆ.

ಜೀವಮಾನವೆಲ್ಲ ದಾಟಿದ ಹೊಸ್ತಿಲನ್ನೇ ಎಡವಿ ಅವನು ಅಂದು ಬಿದ್ದ. ಹಣೆ ಒಡೆಯಿತು. ಅವ್ವ ಗಾಯಕ್ಕೆ ಅರಿಸಿಣ ಒತ್ತಿದಳು. ನಾನು ಬಾಯಿ ಬಿಡಲಿಲ್ಲ. ಮುತ್ಯಾ ಮೂಲೆ ಹಿಡಿದು ಕುಳಿತ. ಬಡಿಗೆಯನ್ನು ಅಲ್ಲಿಯೇ ಬಿಟ್ಟು ನಾನು ಕಾಲೇಜಿಗೆ ಮರಳಿದೆ.

ಒಂದು ದಿನ ವಾಚನಾಲಯದಲ್ಲಿ ಸಂಜಯ ಸಾನೆ ಎಂಬ ಜೀವವಿಜ್ಞಾನಿಯ ವಿಷಯ ಕಣ್ಣಿಗೆ ಬಿತ್ತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕೀಟಗಳ ಹಾರಾಟವನ್ನು ಅಭ್ಯಾಸ ಮಾಡುತ್ತ ಬಂದವರು ಇವರು. ಮೊದಲು ಅಮೇರಿಕೆಯಲ್ಲಿದ್ದಾಗ, ಡಿಕಿನ್ಸನ್ ಮೊದಲಾದವರೊಡನೆ ಕೂಡಿ, ಹಣ್ಣಿನ ನೊಣದ ರೆಕ್ಕೆಗಳಂಥ ದೊಡ್ಡ ಯಂತ್ರರೆಕ್ಕೆಗಳನ್ನು ಎಣ್ಣೆಯ ತೊಟ್ಟಿಯಲ್ಲಿ ನಿಧಾನವಾಗಿ ಆಡಿಸಿ, ನೊಣವನ್ನು ಎತ್ತಿ ಹಿಡಿಯುವ ಬಲವನ್ನು ಅಳೆದರು. ಆ ಸಂಶೋಧನೆ 1999ರಲ್ಲಿ ಪ್ರಕಟವಾಯಿತು. ಪುಟ್ಟ ಹಾರುವ ಯಂತ್ರಗಳನ್ನು ಕಟ್ಟಹೊರಟವರಿಗೆ ಇಂಥ ಲೆಕ್ಕಗಳೇ ಆಧಾರ. 2015ರಲ್ಲಿ ಬೆಂಗಳೂರಿನ ಅವರ ಬಳಗವು ನೊಣದ ಇನ್ನೊಂದು ಗುಟ್ಟನ್ನು ಬಿಡಿಸಿತು. ನೊಣಕ್ಕೆ ಹಿಂದಿನ ರೆಕ್ಕೆಗಳ ಸ್ಥಾನದಲ್ಲಿ ಗುಂಡುತಲೆಯ ಎರಡು ಕಡ್ಡಿಗಳುಂಟು. ಸಮತೋಲ ಕಾಯುವುದು ಅವುಗಳ ಕೆಲಸ. ಸೆಕೆಂಡಿಗೆ ನೂರಕ್ಕೂ ಮಿಕ್ಕಿ ಬಡಿಯುವ ರೆಕ್ಕೆಗೂ ಈ ಕಡ್ಡಿಗೂ ತಾಳ ತಪ್ಪದಂತೆ ಎದೆಗೂಡಿನೊಳಗೇ ಕೊಂಡಿಗಳಿವೆಯಂತೆ!

ನನ್ನನ್ನು ತಡೆದು ನಿಲ್ಲಿಸಿದ್ದು 2007ರಲ್ಲಿ ಪ್ರಕಟವಾದ ಪ್ರಯೋಗ. ಹಾಕ್ ಮಾತ್ ಎಂಬ ದೊಡ್ಡ ಪತಂಗವು ಮುಸ್ಸಂಜೆಯ ಮಬ್ಬಿನಲ್ಲಿ ಹೂವಿನೆದುರು ಗಾಳಿಯಲ್ಲೇ ನಿಂತು ಮಧು ಹೀರುತ್ತದೆ. ಮೈ ಸ್ವಲ್ಪ ತಿರುಗಿದರೂ ಅದರ ಕುಡಿಮೀಸೆಯ ಬುಡ ಅದನ್ನು ಅರಿಯುತ್ತದೆ. ಸಾನೆ ಮತ್ತು ಸಂಗಡಿಗರು ಆ ಮೀಸೆಗಳನ್ನು ಕತ್ತರಿಸಿ ನೋಡಿದರು. ಕಣ್ಣಿತ್ತು, ರೆಕ್ಕೆಯಿತ್ತು; ಆದರೂ ಪತಂಗವು ಗೋಡೆಗೆ ಬಡಿಯಿತು, ನೆಲಕ್ಕೆ ಬಿತ್ತು. ಅವೇ ಮೀಸೆಗಳನ್ನು ಅಂಟು ಹಾಕಿ ಮತ್ತೆ ಜೋಡಿಸಿದಾಗ ಹಾರಾಟ ಮರಳಿ ಹದಕ್ಕೆ ಬಂತು.

ಪುಸ್ತಕ ಮುಚ್ಚಿದೆ. ಮುತ್ಯಾನ ಒಡೆದ ಹಣೆ ಕಣ್ಣೆದುರು ನಿಂತಿತು. ವಿಜ್ಞಾನಿಗಳು ಒಂದು ಮಾತು ತಿಳಿಯಲೆಂದು ಕತ್ತರಿಸಿದರು, ತಿಳಿದು ಜೋಡಿಸಿದರು. ನಾನು ಏನೂ ತಿಳಿಯದೆ ಕತ್ತರಿಸಿದ್ದೆ, ಜೋಡಿಸಿರಲಿಲ್ಲ.

ಆ ಶನಿವಾರವೇ ಊರಿಗೆ ಹೋದೆ. ಚೀಲಗಳ ಹಿಂದಿನಿಂದ ಬಡಿಗೆ ತೆಗೆದು, ಧೂಳು ಒರೆಸಿ, ಮುತ್ಯಾನ ಕೈಗಿತ್ತು ತಪ್ಪೊಪ್ಪಿಕೊಂಡೆ. ಅವನು ಬಡಿಗೆಯನ್ನು ತುದಿಯಿಂದ ಬುಡದವರೆಗೆ ಸವರಿದ. ಬಹಳ ಹೊತ್ತು ಮಾತಾಡಲಿಲ್ಲ.

"ಕಟ್ಟೀ ತನಕಾ ಬರತೀಯೇನು?" ಎಂದ. "ಬಾ. ಆದ್ರ ಕೈ ಹಿಡೀಬ್ಯಾಡ."

ಅವನು ಮುಂದೆ, ನಾನು ಹಿಂದೆ. ಟ್ರ್ಯಾಕ್ಟರು ಬಂದರೆ ಕೂಗಿ ಹೇಳುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು. ಬಡಿಗೆಯ ತುದಿ ಕಲ್ಲು, ಕೆಸರು, ಗಟಾರದ ಅಂಚುಗಳನ್ನು ಒಂದೊಂದಾಗಿ ಮುಟ್ಟಿ ಕೇಳುತ್ತ, ಎಲ್ಲಿಯೂ ತಪ್ಪದೆ ಮುತ್ಯಾನನ್ನು ಕಟ್ಟೆಗೆ ಮುಟ್ಟಿಸಿತು.