ಜೆ.ಸಿ. ರೋಡಿನಿಂದ ಆಗುಂಬೆಗೆ

ಬೆಂಗಳೂರಿನ ಟೌನ್‌ಹಾಲ್ ಪಕ್ಕದಿಂದ ಹೊರಟು ರವೀಂದ್ರ ಕಲಾಕ್ಷೇತ್ರ ದಾಟಿ ಮಿನರ್ವ ಸರ್ಕಲ್ ಕಡೆ ನಡೆಯುತ್ತ ಹೋದರೆ ರಸ್ತೆಯ ಎರಡೂ ಬದಿ ಕಾರಿನ ಅಂಗಡಿಗಳು. ಕಾರು ಮಾರುವ ಅಂಗಡಿಗಳಲ್ಲ, ಕಾರಿಗೆ ಬೇಕಾದ್ದನ್ನೂ ಬೇಡದ್ದನ್ನೂ ಮಾರುವ ಅಂಗಡಿಗಳು. ಸೀಟ್ ಕವರ್, ಹಾರ್ನ್, ದೀಪ, ಸ್ಟೀರಿಂಗ್ ಕವರ್, ಗೋಡೆಗೆ ಬೆಳ್ಳಿತಟ್ಟೆ ತೂಗುಹಾಕಿದಂತೆ ಅಲಾಯ್ ವೀಲ್‌ಗಳು. ರಸ್ತೆಗೆ ಜಯಚಾಮರಾಜೇಂದ್ರ ಒಡೆಯರ ಹೆಸರಿದ್ದರೂ ಎಲ್ಲರ ಬಾಯಲ್ಲೂ ಜೆ.ಸಿ. ರೋಡೇ. ಕಾರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಅಂಗಡಿ ಹುಡುಗರೇ ಓಡಿಬಂದು ‘ಏನ್ ಬೇಕು ಸಾರ್?’ ಎಂದು ಕೇಳುತ್ತಾರೆ.

ಹೋದ ಜೂನ್‌ನಲ್ಲಿ ನಾನು ಅಲ್ಲಿಗೆ ಹೋದದ್ದು ಮೊಮ್ಮಗನ ಜೊತೆ. ಅವನಿಗೆ ಹೊಸ ಕೆಲಸ, ಸಾಲ ಮಾಡಿ ಕೊಂಡ ಸೆಕೆಂಡ್‌ಹ್ಯಾಂಡ್ ಆಲ್ಟೊ 800. ಮುಂದಿನ ವಾರ ಅದರಲ್ಲಿ ಅವನ ಅಜ್ಜಿ, ಅಮ್ಮ, ಏಳನೇ ಕ್ಲಾಸಿನ ತಂಗಿ ಮತ್ತು ನನ್ನನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಜೇಬಿನಲ್ಲಿ ಒಂದು ಪಟ್ಟಿ ಇತ್ತು: 13 ಇಂಚಿನ ಅಲಾಯ್ ವೀಲ್ ಮತ್ತು ಅಗಲ ಟೈರು, 100/90 ವ್ಯಾಟಿನ ಹೆಡ್‌ಲೈಟ್ ಬಲ್ಬು, ಶಂಖದಾಕಾರದ ಏರ್ ಫಿಲ್ಟರ್, ದಪ್ಪ ದನಿಯ ಸೈಲೆನ್ಸರ್.

‘ಕಂಪನಿಯವರು ದುಡ್ಡು ಉಳಿಸೋಕೆ ಎಲ್ಲಾ ಸಣ್ಣದು ಹಾಕಿರ್ತಾರೆ ಅಜ್ಜ’ ಎಂಬುದು ಅವನ ವಾದ.

ಅದರಲ್ಲಿ ಸುಳ್ಳೇನಿಲ್ಲ. 1983ರ ಡಿಸೆಂಬರ್‌ನಲ್ಲಿ ಮೊದಲ ಮಾರುತಿ 800 ರಸ್ತೆಗಿಳಿದಾಗಿನಿಂದ ಸಣ್ಣ ಕಾರೆಂದರೆ ಪೈಸೆ ಪೈಸೆ ಲೆಕ್ಕ ಹಾಕಿ ಕಟ್ಟಿದ ಕಾರು. ನಾನು ಬ್ಯಾಂಕಿನಲ್ಲಿದ್ದಾಗ ಕೊಂಡ ಹಳೆಯ 800ಕ್ಕೆ ಎಡಗಡೆ ಕನ್ನಡಿಯೇ ಇರಲಿಲ್ಲ. ಇದೇ ರಸ್ತೆಯಲ್ಲಿ ಹಾಕಿಸಿಕೊಂಡೆ. ಆ ಕಾರಿಗೆ ಮಾಡಿಸಿದ ಅತ್ಯುತ್ತಮ ಖರ್ಚು ಅದು. ಮಡ್‌ಫ್ಲಾಪ್ ಕೂಡ ಹಾಗೆಯೇ. ಹೀಗೆ ಕಂಪನಿ ಬಿಟ್ಟದ್ದನ್ನು ನಾವು ತುಂಬಿಕೊಳ್ಳುವುದು ಬೇರೆ, ಕಂಪನಿ ತೂಗಿ ನೋಡಿ ಇಟ್ಟದ್ದನ್ನು ಕಿತ್ತು ಬೇರೆಯದನ್ನು ಹಾಕುವುದು ಬೇರೆ. ಬಿ.ಕಾಂ. ಓದಿದ ನನಗೆ ಎರಡನೆಯದು ಜಮಾ-ಖರ್ಚಿನ ಪುಸ್ತಕದಂತೆ ಕಾಣುತ್ತದೆ. ಒಂದು ಕಡೆ ಜಮಾ ಬರೆದರೆ ಇನ್ನೊಂದು ಕಡೆ ಎಲ್ಲೋ ಖರ್ಚು ಬರೆಯಲೇಬೇಕು.

ಟೈರನ್ನೇ ನೋಡಿ. ಮಕ್ಕಳೇ, ನಿಮ್ಮ ನೋಟ್‌ಬುಕ್ ತೆಗೆಯಿರಿ, ಇದು ನಿಮಗೇ ಇರುವ ಲೆಕ್ಕ. ಆಲ್ಟೊ 800ರ ಟೈರಿನ ಮೇಲೆ 145/80 ಆರ್12 ಎಂದಿರುತ್ತದೆ. 145 ಮಿಲಿಮೀಟರ್ ಅಗಲ, ಅದರ ಶೇ. 80 ಅಂದರೆ 116 ಮಿ.ಮೀ. ಪಕ್ಕದ ಎತ್ತರ, ಒಳಗಿನ ಚಕ್ರ 12 ಇಂಚು. ಒಂದು ಇಂಚಿಗೆ 25.4 ಮಿ.ಮೀ.ಯಂತೆ 304.8 ಮಿ.ಮೀ. ಆಯಿತು. ಮೇಲೊಂದು, ಕೆಳಗೊಂದು ಪಕ್ಕದ ಎತ್ತರ ಸೇರಿಸಿದರೆ ಒಟ್ಟು ವ್ಯಾಸ 536.8 ಮಿ.ಮೀ. ಮೊಮ್ಮಗನ ಪಟ್ಟಿಯಲ್ಲಿದ್ದದ್ದು 165/70 ಆರ್13. ಅದರ ವ್ಯಾಸ 561.2. ಅಂದರೆ ಸುಮಾರು ನಾಲ್ಕೂವರೆ ಶೇಕಡ ದೊಡ್ಡದು. ಒಂದು ಸುತ್ತಿಗೆ ಏಳೂವರೆ ಸೆಂಟಿಮೀಟರ್‌ಗೂ ಹೆಚ್ಚು ಮುಂದೆ ಹೋಗುತ್ತದೆ. ಸ್ಪೀಡೋಮೀಟರ್‌ಗೆ ಇದು ಗೊತ್ತಿಲ್ಲ. ಅದು ಎಂದಿನಂತೆ 60 ತೋರಿಸುವಾಗ ಕಾರು ಮೊದಲಿಗಿಂತ ಎರಡೂವರೆ ಕಿಲೋಮೀಟರ್‌ಗೂ ಹೆಚ್ಚು ವೇಗವಾಗಿ ಓಡುತ್ತಿರುತ್ತದೆ.

ಇಷ್ಟೇ ಆಗಿದ್ದರೆ ಬಿಡಬಹುದಿತ್ತು. ಆದರೆ 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್ನು ದೊಡ್ಡ ಚಕ್ರವನ್ನು ತಿರುಗಿಸಬೇಕು. ಏರಿನಲ್ಲಿ ಎಳೆತ ಕಡಿಮೆ. ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿದಾಗ ಎಂಜಿನ್ನು ಕಾರನ್ನು ಹಿಡಿದು ನಿಲ್ಲಿಸುವ ಶಕ್ತಿಯೂ ಅಷ್ಟೇ ಕಡಿಮೆ. ಐದು ಜನ ಕೂತ ಕಾರು ಘಾಟಿಯಲ್ಲಿ ಇಳಿಯುವಾಗ ಆ ಹಿಡಿತವೇ ಮುಖ್ಯ. ಅದು ತಗ್ಗಿದರೆ ಬ್ರೇಕನ್ನೇ ಮತ್ತೆ ಮತ್ತೆ ಒತ್ತಬೇಕಾಗುತ್ತದೆ. ಬ್ರೇಕು ಕಾಯುತ್ತದೆ, ಕಾದ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ.

ಬಲ್ಬಿನ ವಿಷಯಕ್ಕೆ ಅಂಗಡಿಯವರೇ ನನ್ನ ಪಕ್ಷ ವಹಿಸಿದರು. ಮೂವತ್ತು ವರ್ಷದಿಂದ ವೈರಿಂಗ್ ಕೆಲಸ ಮಾಡುವ ಮನುಷ್ಯ. ಕಂಪನಿಯ ಬಲ್ಬು 60/55 ವ್ಯಾಟ್. ಅದೇ ತೆಳು ವೈರಿನಲ್ಲಿ 90 ವ್ಯಾಟಿನ ವಿದ್ಯುತ್ ಹರಿಸಿದರೆ ವೈರಿನ ಬಿಸಿ ಎರಡೂವರೆ ಪಟ್ಟಿಗೂ ಹೆಚ್ಚಾಗುತ್ತದೆ. (ವಿದ್ಯುತ್ ಹೆಚ್ಚಿದಂತೆ ಬಿಸಿ ಅದರ ವರ್ಗದಂತೆ ಹೆಚ್ಚುತ್ತದೆ. ವಿಜ್ಞಾನದ ಮೇಷ್ಟ್ರನ್ನು ಕೇಳಿ.) ಕರಗಿ ಅಂಟಿಕೊಂಡ ಒಂದು ಹೋಲ್ಡರನ್ನು ಡಬ್ಬಿಯಿಂದ ತೆಗೆದು ಅವರು ತೋರಿಸಿದರು. ರಿಲೇ ಹಾಕಿ ದಪ್ಪ ವೈರ್ ಎಳೆದರೆ ವೈರು ಉಳಿಯುತ್ತದೆ, ಎದುರಿನಿಂದ ಬರುವವನ ಕಣ್ಣು ಉಳಿಯುವುದಿಲ್ಲ. ಮಂಜಿನಲ್ಲಂತೂ ಬೆಳಕು ಹೆಚ್ಚಿದಷ್ಟೂ ಎದುರಿಗೆ ಬಿಳಿ ಗೋಡೆ.

ಫಿಲ್ಟರಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನೇ ಎಳೆದುಕೊಂಡು ಬುಸುಗುಟ್ಟುತ್ತದೆ. ಶಬ್ದ ಕೇಳಿ ಕಾರು ಜೋರಾಗಿ ಹೋಗುತ್ತಿದೆ ಅನ್ನಿಸುತ್ತದೆ, ಅಷ್ಟೇ.

ಸಣ್ಣ ಕಾರು ವೇಗವಾಗಿ ಓಡಬಾರದೆಂದಲ್ಲ. 1987ರಲ್ಲಿ ಜಪಾನಿನ ಸುಜುಕಿಯವರೇ ‘ಆಲ್ಟೊ ವರ್ಕ್ಸ್’ ಎಂಬ ಕಾರು ತಂದರು. ಎಂಜಿನ್ ಬರೀ 543 ಸಿ.ಸಿ., ಆದರೆ ಟರ್ಬೊ ಜೋಡಿಸಿ 64 ಅಶ್ವಶಕ್ತಿ ಪಡೆದಿದ್ದರು. ಅಲ್ಲಿನ ಕಂಪನಿಗಳು ಆಮೇಲೆ ಪುಟ್ಟ ಕಾರಿಗೆ ಇದಕ್ಕಿಂತ ಹೆಚ್ಚು ಶಕ್ತಿ ಬೇಡವೆಂದು ತಮ್ಮತಮ್ಮಲ್ಲೇ ಗೆರೆ ಎಳೆದುಕೊಂಡವು. ಆದರೆ ಎಂಜಿನ್ನೊಂದಕ್ಕೆ ಕೈಹಾಕಿ ಅವರು ಸುಮ್ಮನಾಗಲಿಲ್ಲ. ಆ ಶಕ್ತಿಯನ್ನು ರಸ್ತೆ ತಡೆದುಕೊಳ್ಳಲೆಂದು ನಾಲ್ಕೂ ಚಕ್ರ ತಿರುಗುವ ಮಾದರಿಯನ್ನೂ ಕೊಟ್ಟರು. ಕಾರ್ಖಾನೆ ಒಂದು ಕಡೆ ಮುಟ್ಟಿದರೆ ಇನ್ನು ನಾಲ್ಕು ಕಡೆ ಮುಟ್ಟುತ್ತದೆ. ನಮ್ಮ ಕೈಯಲ್ಲಿ ಅದಕ್ಕೆ ದುಡ್ಡೂ ಇಲ್ಲ, ಪರೀಕ್ಷೆ ಮಾಡುವ ಜಾಗವೂ ಇಲ್ಲ.

ಕಾನೂನಿನ ಮಾತೂ ಇದೆ. ಗಾಜಿಗೆ ಕಪ್ಪು ಹಾಳೆ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲಿ ತಡೆಯಿತು. 2017ರ ಕೊನೆಗೆ ಕೇಂದ್ರ ಸರ್ಕಾರ ಮುಂದಿನ ಕಬ್ಬಿಣದ ಬುಲ್ ಬಾರ್ ಬೇಡವೆಂದಿತು. ಡಿಕ್ಕಿಯ ಪೆಟ್ಟು ಅದರ ಮೇಲೆ ಬಿದ್ದು ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ಬಿಚ್ಚದಿರಬಹುದು. ಆದರೂ ಜೆ.ಸಿ. ರೋಡಿನಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ನಾನು ಇಲ್ಲಿ ಬರೆಯಹೋಗುವುದಿಲ್ಲ!

ಅಷ್ಟರಲ್ಲಿ ಮೊಮ್ಮಗಳು ಹಳೆಯ ಟೈರಿನ ಮೇಲೆ ನಾಲ್ಕಂಕಿ ಓದಿ ‘ಇದೇನಜ್ಜ, 2315?’ ಎಂದಳು. ಮೊದಲ ಎರಡಂಕಿ ವಾರ, ಕೊನೆಯ ಎರಡು ವರ್ಷ. ಅಂದರೆ 2015ರ 23ನೇ ವಾರ ತಯಾರಾದ ಟೈರು! ಹಲ್ಲು ಇನ್ನೂ ಚೆನ್ನಾಗಿದ್ದರೂ ರಬ್ಬರು ಕಲ್ಲಾಗಿತ್ತು, ಪಕ್ಕದಲ್ಲಿ ಕೂದಲೆಳೆಯ ಬಿರುಕು. ಮೊಮ್ಮಗ ಬಗ್ಗಿ ಉಗುರಿನಿಂದ ಕೆರೆದು ನೋಡಿದ. ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿದ. ಮಾತಾಡಲಿಲ್ಲ.

ಕೊನೆಗೆ ಕೊಂಡದ್ದು ಅದೇ ಅಳತೆಯ ನಾಲ್ಕು ಹೊಸ ಟೈರು, ವೈಪರ್ ಬ್ಲೇಡು. ಮೆಕ್ಯಾನಿಕ್ ಬ್ರೇಕ್ ಆಯಿಲ್ ಬದಲಾಯಿಸಿಕೊಟ್ಟ. ಆಮೇಲೆ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ನಲ್ಲಿ ರವೆ ಇಡ್ಲಿ. ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಅವರು ರವೆ ಹಾಕಿ ಮಾಡಿದ ಇಡ್ಲಿಯಂತೆ. ‘ಇದೂ ಮಾಡಿಫಿಕೇಶನ್ನೇ ಅಲ್ವಾ ಅಜ್ಜ?’ ಎಂದ ಮೊಮ್ಮಗ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆಗುಂಬೆಯಲ್ಲಿ ಮಳೆ ಹಿಡಿದಿತ್ತು. ಅಲ್ಲಿಂದ ಸೋಮೇಶ್ವರಕ್ಕೆ ಇಳಿಯಲು 14 ತಿರುವುಗಳು. ಮಿನಿ ಬಸ್ಸುಗಳು ಮಾತ್ರ ತಿರುಗಬಲ್ಲಷ್ಟು ಕಡಿದು. ಮೊಮ್ಮಗ ಎರಡನೇ ಗೇರಿನಲ್ಲಿ, ದೀಪವನ್ನು ಡಿಮ್ ಮಾಡಿ, ಏರಿ ಬರುವವರಿಗೆ ದಾರಿ ಬಿಡುತ್ತ ಇಳಿಸಿದ. ತಂಗಿ ತಿರುವು ಎಣಿಸುತ್ತಿದ್ದಳು. ಅವಳ ಲೆಕ್ಕಕ್ಕೆ ಹದಿಮೂರೇ ಬಂದವು. ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದವಳು ಸೋಮೇಶ್ವರದಲ್ಲಿ ತೆರೆದಳು.

ಹೆಬ್ರಿಯಲ್ಲಿ ಚಹಾ ಕುಡಿಯುವಾಗ ಮೊಮ್ಮಗ ಮೆಲ್ಲಗೆ ಹೇಳಿದ: ‘ಅಜ್ಜ, ಅಲಾಯ್ 12 ಇಂಚಿನಲ್ಲೂ ಸಿಗುತ್ತಂತೆ. ಟೈರ್ ಇದೇ ಇರುತ್ತೆ.’

‘ಎಷ್ಟಂತೆ ಮಾರಾಯ?’ ಎಂದೆ.